ಅನುಪಲಬ್ಧಿಯ ಕಥೆ: ಸೆಲೆಸ್ಟ್ ಇಂಗ್ ಅವರ ಎರಡು ಕಾದಂಬರಿಗಳು

1

ಮನೆಯ ಒಬ್ಬರು ಕಾಣೆಯಾದರೆಂಬುದು ಕಥನಸಾಹಿತ್ಯಕ್ಕೆ ಬಹು ಹಳೆಯ ವಸ್ತು. ನಮ್ಮ ಆದಿಕಾವ್ಯದ ಬಹುಭಾಗವು ಕಳೆದುಹೋದವಳೊಬ್ಬಳ ಅನ್ವೇಷಣೆಯಿಂದಲೇ ಬೆಳೆದುದು. ಆಧುನಿಕ ಯುಗದಲ್ಲಿ ಈ ವಸ್ತುವನ್ನು ಪತ್ತೇದಾರಿ ಕಾದಂಬರಿಯು ತನ್ನ ಸ್ವತ್ತನ್ನಾಗಿ ಮಾಡಿಕೊಂಡಿತು. ಎನ್. ನರಸಿಂಹಯ್ಯನವರ ಕೃತಿಗಳನ್ನು ಓದಿ ಬೆಳೆದ ಕನ್ನಡ ವಾಚಕನಿಗೆ ಅದರ ಕ್ರಮವು ಚೆನ್ನಾಗಿ ತಿಳಿದೇ ಇದೆ. ಮೊದಲಲ್ಲಿ ಒಂದು ಪ್ರಶ್ನೆ, ನಡುವೆ ಹಲವು ಸಂಶಯಗಳು, ಕೊನೆಯಲ್ಲಿ ಒಂದು ಉತ್ತರ. ಉತ್ತರ ದೊರೆತೊಡನೆ ಮನೆ ಮೊದಲಿನಂತಾಗುತ್ತದೆ. ಆದ ಕೇಡಿಗೆ ಹೊಣೆಗಾರನಾದವನೊಬ್ಬನು ಗೊತ್ತಾದನೆಂಬ ನೆಮ್ಮದಿಯಿಂದ ನಾವು ಪುಸ್ತಕವನ್ನು ಮುಚ್ಚುತ್ತೇವೆ.

ಈ ನೆಮ್ಮದಿಯನ್ನು ಬುದ್ಧಿಪೂರ್ವಕವಾಗಿ ನಿರಾಕರಿಸಿದ ಕೃತಿಗಳೂ ಉಂಟು. ಅಮೆರಿಕದ ಲೇಖಕಿ ಸೆಲೆಸ್ಟ್ ಇಂಗ್ ಅವರ ಮೊದಲನೆಯ ಕಾದಂಬರಿ 'ಎವೆರಿಥಿಂಗ್ ಐ ನೆವರ್ ಟೋಲ್ಡ್ ಯು' 2014ರಲ್ಲಿಯೂ ಎರಡನೆಯದಾದ 'ಲಿಟ್ಲ್ ಫೈರ್ಸ್ ಎವೆರಿವೇರ್' 2017ರಲ್ಲಿಯೂ ಪ್ರಕಟವಾದವು. ಎರಡರಲ್ಲಿಯೂ ಅಚ್ಚುಕಟ್ಟಾದ ಒಂದು ನೆರೆಹೊರೆಯಿದೆ. ಎರಡರಲ್ಲಿಯೂ ಮಗಳೊಬ್ಬಳು ಕಾಣೆಯಾಗುತ್ತಾಳೆ. ಆಕೆ ಕಾಣೆಯಾದ ಮೇಲೆ ಆ ಅಚ್ಚುಕಟ್ಟಿನ ಕೆಳಗೆ ಅಡಗಿದ್ದ ಬಿರುಕುಗಳು ಗೋಚರವಾಗುತ್ತವೆ. ಇಷ್ಟನ್ನು ಹೇಳಿದರೆ ಇವು ಒಂದು ಜನಪ್ರಿಯ ಮಾದರಿಯ ಎರಡು ಉದಾಹರಣೆಗಳೆಂದು ತೋರಬಹುದು. ಹಾಗಲ್ಲವೆಂದು ತೋರಿಸುವುದು, ಅವುಗಳಲ್ಲಿಯೂ ಮೊದಲನೆಯದು ಏಕೆ ಮಿಗಿಲಾದುದೆಂದು ವಿವೇಚಿಸುವುದು ಈ ಲೇಖನದ ಉದ್ದೇಶ.

ನಮ್ಮ ವಾದವನ್ನು ಮೊದಲಿಗೇ ಸಂಗ್ರಹವಾಗಿ ಹೇಳಿಬಿಡುವುದು ಒಳ್ಳೆಯದು. ಈ ಕೃತಿಗಳಲ್ಲಿ ಕಾಣೆಯಾಗುವುದು ಒಂದು ಬೆಳಗ್ಗೆ ನಡೆದ ಘಟನೆಯಲ್ಲ; ಬಹುಕಾಲದಿಂದ ಕಾಣದೆ ಇದ್ದುದರ ಕೊನೆಯ ಹಂತ. ಆದುದರಿಂದ 'ಅವಳು ಎಲ್ಲಿಗೆ ಹೋದಳು?' ಎಂಬ ಪ್ರಶ್ನೆಯ ಸ್ಥಾನದಲ್ಲಿ 'ಅವಳು ಇದ್ದಾಗ ಯಾರಾದರೂ ಅವಳನ್ನು ಕಂಡಿದ್ದರೆ?' ಎಂಬ ಪ್ರಶ್ನೆ ನಿಲ್ಲುತ್ತದೆ.

2

ಕೃತಿಗಳನ್ನು ಪ್ರವೇಶಿಸುವ ಮುನ್ನ 'ಉಪನಗರ'ವೆಂಬ ಶಬ್ದದ ಅರ್ಥವನ್ನು ಸ್ವಲ್ಪ ನಿಷ್ಕರ್ಷಿಸಬೇಕಾಗಿದೆ. ನಮ್ಮಲ್ಲಿ ಉಪನಗರವೆಂದರೆ ದೊಡ್ಡ ಊರಿನ ಅಂಚಿಗೆ ಬೆಳೆದ ಬಡಾವಣೆ. ಅಮೆರಿಕದಲ್ಲಿ ಅದು ಸ್ಥಳದ ಹೆಸರು ಮಾತ್ರವಲ್ಲ, ಒಂದು ಜೀವನಾದರ್ಶದ ಹೆಸರೂ ಹೌದು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ಗೃಹಸಾಲದ ಸೌಲಭ್ಯವನ್ನು ಕಲ್ಪಿಸಿದ ಶಾಸನವು 1944ರಲ್ಲಿ ಅಂಗೀಕೃತವಾಯಿತು. 1947ರಿಂದ 1951ರವರೆಗೆ ನ್ಯೂಯಾರ್ಕಿನ ಸಮೀಪದ ಲಾಂಗ್ ಐಲೆಂಡಿನಲ್ಲಿ ಲೆವಿಟ್‌ಟೌನ್ ಎಂಬ ಹೆಸರಿನಿಂದ 17,000ಕ್ಕೂ ಮಿಕ್ಕು ಮನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದು ನಿಂತವು. ಮುಂದೆ ಹುಲ್ಲುಹಾಸು, ಹಿಂದೆ ಮಕ್ಕಳು ಆಡುವ ಅಂಗಳ, ಪಕ್ಕದಲ್ಲಿ ಮೋಟಾರು. ಗಂಡನು ಬೆಳಗ್ಗೆ ಕೆಲಸಕ್ಕೆ ಹೊರಡುವನು, ಹೆಂಡತಿ ಮನೆಯನ್ನು ನೋಡಿಕೊಳ್ಳುವಳು. ಈ ಚಿತ್ರವು ಪತ್ರಿಕೆಗಳ ಮೂಲಕ ಜಗತ್ತಿನಲ್ಲೆಲ್ಲ ಹರಡಿತು.

ಚಿತ್ರದಲ್ಲಿ ಯಾರು ಇರಬಾರದೆಂಬುದೂ ಬರೆಹದಲ್ಲಿಯೇ ಇತ್ತು. ಲೆವಿಟ್‌ಟೌನಿನ ಆರಂಭದ ಕರಾರುಗಳು ಬಿಳಿಯರಲ್ಲದವರ ವಾಸವನ್ನು ನಿಷೇಧಿಸಿದ್ದವು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1948ರಲ್ಲಿ ತೀರ್ಪಿತ್ತರೂ ಪದ್ಧತಿ ತಕ್ಷಣ ಅಳಿಯಲಿಲ್ಲ. 1957ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಲೆವಿಟ್‌ಟೌನಿಗೆ ಮೊದಲ ಕರಿಯ ಕುಟುಂಬವೊಂದು ಬಂದಾಗ ಗುಂಪು ನೆರೆದು ಕಲ್ಲು ತೂರಿತು. ಮನೆಯೊಳಗಿನ ಹೆಂಗಸರ ಅವ್ಯಕ್ತವಾದ ಅಸಂತೃಪ್ತಿಯನ್ನು ಬೆಟ್ಟಿ ಫ್ರೀಡನ್ 1963ರಲ್ಲಿ 'ದಿ ಫೆಮಿನಿನ್ ಮಿಸ್ಟೀಕ್' ಎಂಬ ಗ್ರಂಥದಲ್ಲಿ ವಿವರಿಸಿದರು. ಆ ಅಸಂತೃಪ್ತಿಗೆ ಹೆಸರೇ ಇಲ್ಲವೆಂಬುದು ಆಕೆಯ ಮುಖ್ಯ ಪ್ರತಿಪಾದನೆಗಳಲ್ಲಿ ಒಂದು. ಹೀಗೆ ಉಪನಗರದ ಆದರ್ಶಕ್ಕೆ ಎರಡು ಬೇಲಿಗಳಿದ್ದವು: ಬೀದಿಯ ಸುತ್ತ ವರ್ಣದ ಬೇಲಿ, ಅಡುಗೆಮನೆಯ ಸುತ್ತ ಲಿಂಗಭೇದದ ಬೇಲಿ. ಇಂಗ್ ಅವರ ಮೊದಲ ಕಾದಂಬರಿಯ ದಂಪತಿಗಳು ಇವೆರಡಕ್ಕೂ ಏಕಕಾಲದಲ್ಲಿ ತಾಗಿಕೊಂಡು ನಿಂತವರು.

3

'ಎವೆರಿಥಿಂಗ್ ಐ ನೆವರ್ ಟೋಲ್ಡ್ ಯು' ಕಾದಂಬರಿಯು ಓಹಿಯೋ ಸಂಸ್ಥಾನದ ಮಿಡಲ್‌ವುಡ್ ಎಂಬ ಕಲ್ಪಿತ ಊರಿನಲ್ಲಿ ನಡೆಯುತ್ತದೆ. ನಿಷ್ಕೃಷ್ಟವಾಗಿ ಹೇಳುವುದಾದರೆ ಇದು ಮಹಾನಗರವೊಂದರ ಉಪನಗರವಲ್ಲ, ಕಾಲೇಜೊಂದನ್ನು ನೆಚ್ಚಿದ ಚಿಕ್ಕ ಊರು. ಆದರೆ ಅಲ್ಲಿನ ಬಾಳಿನ ಕ್ರಮ, ಅಲ್ಲಿನ ಮರ್ಯಾದೆಯ ಕಲ್ಪನೆ ಎಲ್ಲವೂ ಉಪನಗರದ್ದೇ. ಸರೋವರದ ಬಳಿ, ಮುಂದೆ ದಾರಿಯಿಲ್ಲದ ಒಂದು ಬೀದಿಯಲ್ಲಿ ಲೀ ಕುಟುಂಬದ ಮನೆಯಿದೆ. ತಂದೆ ಜೇಮ್ಸ್ ಚೀನೀ ವಲಸೆಗಾರರ ಮಗ; ಹಾರ್ವರ್ಡಿನಲ್ಲಿ ಓದಿ ಅಮೆರಿಕದ ಇತಿಹಾಸವನ್ನು ಕಲಿಸುವ ಪ್ರಾಧ್ಯಾಪಕ. ತಾಯಿ ಮೆರಿಲಿನ್ ಬಿಳಿಯಳು. ವೈದ್ಯಳಾಗಬೇಕೆಂದು ಹೊರಟು ಮದುವೆ ಮಕ್ಕಳೆಂದು ವಿದ್ಯೆಯನ್ನು ಅರ್ಧಕ್ಕೆ ಬಿಟ್ಟವಳು. ಮಕ್ಕಳು ಮೂವರು: ನೇಥ್, ಲಿಡಿಯಾ, ಹ್ಯಾನಾ.

1977ರ ಮೇ 3ರ ಬೆಳಗ್ಗೆ ತಿಂಡಿಯ ಹೊತ್ತಿಗೆ ಲಿಡಿಯಾ ಕೆಳಗಿಳಿದು ಬರುವುದಿಲ್ಲ. ಆಕೆಯ ಬಟ್ಟಲಿನ ಪಕ್ಕದಲ್ಲಿ ತಾಯಿ ಎಂದಿನಂತೆ ಚೂಪುಮಾಡಿದ ಪೆನ್ಸಿಲನ್ನೂ ಭೌತಶಾಸ್ತ್ರದ ಮನೆಪಾಠವನ್ನೂ ಇಟ್ಟಿದ್ದಾಳೆ. ತಿದ್ದಬೇಕಾದ ಲೆಕ್ಕಗಳಿಗೆ ಗುರುತು ಹಾಕಿದ್ದಾಳೆ. ಪತ್ತೇದಾರಿ ಕಾದಂಬರಿಯು ಕೊನೆಯವರೆಗೂ ಬಚ್ಚಿಡುವ ಸಂಗತಿಯನ್ನು ಲೇಖಕಿಯು ಮೊದಲ ವಾಕ್ಯದಲ್ಲಿಯೇ ಬಿಟ್ಟುಕೊಡುತ್ತಾರೆ: ಹುಡುಗಿ ಸತ್ತಿದ್ದಾಳೆ, ಮನೆಯವರಿಗೆ ಇನ್ನೂ ತಿಳಿಯದು. ಸರೋವರದಲ್ಲಿ ದೋಣಿಯೊಂದು ಒಂಟಿಯಾಗಿ ತೇಲುತ್ತಿರುವುದು ಕಂಡು, ಪೋಲೀಸರು ನೀರನ್ನು ಜಾಲಾಡಿಸಿ, ದೇಹ ದೊರೆಯುವುದು ಅನಂತರದ ಮಾತು. ಅಲ್ಲಿಂದ ಮುಂದೆ ಕಥೆಯು 1977ರ ದುಃಖಕ್ಕೂ ಅದರ ಹಿಂದಿನ ಇಪ್ಪತ್ತು ವರ್ಷಗಳಿಗೂ ನಡುವೆ ಹೋಗಿಬರುತ್ತದೆ.

ಈ ಸಂವಿಧಾನದ ಮೊದಲ ಫಲವೆಂದರೆ, ವಾಚಕನ ಕುತೂಹಲದ ದಿಕ್ಕು ಬದಲಾಗುವುದು. ಮರಣವು ಮೊದಲೇ ತಿಳಿದುಹೋದುದರಿಂದ ನಾವು ಸುಳಿವುಗಳನ್ನು ಅರಸುವುದಿಲ್ಲ, ಪೆನ್ಸಿಲನ್ನು ನೋಡುತ್ತೇವೆ. ಆ ಪೆನ್ಸಿಲಿನಲ್ಲಿ ಅಪರಾಧವಿಲ್ಲ, ಅಕ್ಕರೆಯಿದೆ. ಆದರೆ ಅಕ್ಕರೆಯ ಆ ಗುರುತು ಯಾರಿಗಾಗಿ ಎಂಬ ಪ್ರಶ್ನೆ ಆ ಕ್ಷಣದಿಂದಲೇ ನಮ್ಮನ್ನು ಹಿಂಬಾಲಿಸತೊಡಗುತ್ತದೆ.

4

ಇಲ್ಲಿ ನಮ್ಮ ದಾರ್ಶನಿಕರ ಒಂದು ವಿಚಾರ ನೆರವಿಗೆ ಬರುತ್ತದೆ. 'ನೆಲದ ಮೇಲೆ ಗಡಿಗೆ ಇಲ್ಲ' ಎಂಬ ಜ್ಞಾನ ನಮಗೆ ಹೇಗೆ ಬರುತ್ತದೆ? ಇಲ್ಲದಿರುವುದನ್ನು ಕಣ್ಣು ಕಾಣುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವನ್ನು ಒಪ್ಪಿದರು; ಕಾಣದಿರುವುದೇ ಅಭಾವಕ್ಕೆ ಪ್ರಮಾಣ. ಆದರೆ ಬರಿಯ ಕಾಣದಿರುವಿಕೆ ಸಾಲದೆಂದೂ ಅವರು ಎಚ್ಚರಿಸಿದರು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇದ್ದಾಗ ಮಾತ್ರ ಅನುಪಲಬ್ಧಿಯು ಪ್ರಮಾಣವಾಗುತ್ತದೆ.

ಲೀ ಕುಟುಂಬದ ದುರಂತವನ್ನು ಈ ಭಾಷೆಯಲ್ಲಿ ಹೇಳಬಹುದೆಂದು ನಮಗೆ ತೋರುತ್ತದೆ. ತಿಂಡಿಯ ಮೇಜಿನ ಮುಂದಿನ ಕುರ್ಚಿ ಬರಿದಾದುದು ತತ್‌ಕ್ಷಣ ತಿಳಿಯಿತು. ಏಕೆಂದರೆ ಅಲ್ಲಿ ಲಿಡಿಯಾಳನ್ನು ಕಾಣುವ ಅಭ್ಯಾಸ ಎಲ್ಲರಿಗೂ ಇತ್ತು. ಆದರೆ ಆ ಕುರ್ಚಿಯಲ್ಲಿ ದಿನದಿನವೂ ಕುಳಿತವಳ ಸ್ವಂತ ಇಚ್ಛೆಯೊಂದು ಇರಲಿಲ್ಲವೆಂಬುದು ಹತ್ತು ವರ್ಷವಾದರೂ ತಿಳಿಯಲಿಲ್ಲ. ಏಕೆಂದರೆ ಅಂಥದೊಂದು ಇರಬೇಕೆಂದು ಯಾರೂ ಅರಸಿರಲಿಲ್ಲ. ಪ್ರತಿಯೊಬ್ಬರೂ ಅವಳಲ್ಲಿ ತಮಗೆ ಬೇಕಾದುದನ್ನು ಹುಡುಕಿದರು, ಹುಡುಕಿದುದು ಸಿಕ್ಕಿತು.

ತಾಯಿ ಹುಡುಕಿದುದು ತಾನಾಗಲಾರದ ವೈದ್ಯಳನ್ನು. 1966ರಲ್ಲಿ, ತನ್ನ ತಾಯಿ ತೀರಿಕೊಂಡ ಮೇಲೆ, ಮೆರಿಲಿನ್ ಒಂದು ದಿನ ಯಾರಿಗೂ ಹೇಳದೆ ಮನೆಯನ್ನು ಬಿಟ್ಟು ಟೊಲೀಡೋ ನಗರಕ್ಕೆ ಹೋಗಿ, ಅಪೂರ್ಣವಾಗಿದ್ದ ವಿದ್ಯಾಭ್ಯಾಸವನ್ನು ಮತ್ತೆ ಕೈಗೊಂಡಳು. ಕೆಲವು ವಾರಗಳ ಮೇಲೆ ತಾನು ಗರ್ಭಿಣಿಯೆಂದು ತಿಳಿದು ಹಿಂದಿರುಗಿದಳು. ಹೀಗೆ ಕಾದಂಬರಿಯಲ್ಲಿ ಕಾಣೆಯಾಗುವವರು ಒಬ್ಬರಲ್ಲ, ಇಬ್ಬರು. ಎರಡನೆಯದಕ್ಕೆ ಮೊದಲನೆಯದೇ ಬೀಜ. ತಾಯಿ ಹಿಂದಿರುಗಿದರೆ ಆಕೆ ಬಯಸಿದುದೆಲ್ಲವನ್ನೂ ಮಾಡುವೆನೆಂದು ಎಳೆಯ ಲಿಡಿಯಾ ಮನಸ್ಸಿನಲ್ಲಿಯೇ ಮಾತು ಕೊಟ್ಟುಕೊಳ್ಳುತ್ತಾಳೆ. ಅಂದಿನಿಂದ ಅವಳ ಬಾಯಲ್ಲಿ 'ಹೂಂ' ಎಂಬುದಲ್ಲದೆ ಬೇರೆ ಮಾತು ಹೊರಡುವುದಿಲ್ಲ. ತಾಯಿಗೆ ಅದು ಮಗಳ ಉತ್ಸಾಹವೆಂದು ತೋರಿತು. ಮಗಳಿಗೆ ಅದು ತಾಯಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಉಪಾಯವಾಗಿತ್ತು.

ತಂದೆ ಹುಡುಕಿದುದು ಬೇರೆ. ಊರಿನಲ್ಲಿ ತಾನು ಎಂದೂ ಬೆರೆಯಲಾರದೆ ಹೋದವನಾದುದರಿಂದ, ಮಗಳು ಎಲ್ಲರೊಡನೆ ಬೆರೆಯಬೇಕೆಂಬುದು ಅವನ ಆಸೆ. ಸ್ನೇಹ ಸಂಪಾದನೆಯ ವಿಷಯವಾದ ಡೇಲ್ ಕಾರ್ನೆಗಿಯ ಪ್ರಸಿದ್ಧ ಪುಸ್ತಕವನ್ನು ಅವಳಿಗೆ ಹಬ್ಬದ ಉಡುಗೊರೆಯಾಗಿ ಕೊಡುತ್ತಾನೆ. ಅವಳು ಗೆಳತಿಯರೊಡನೆ ಟೆಲಿಫೋನಿನಲ್ಲಿ ಹರಟುವುದನ್ನು ಕಂಡು ಹಿಗ್ಗುತ್ತಾನೆ. ವಾಸ್ತವದಲ್ಲಿ ಆ ತಂತಿಯ ಆಚೆ ಯಾರೂ ಇಲ್ಲ; ಹುಡುಗಿ ಬರಿಯ ಗುಂಯ್‌ಗುಡುವ ಉಪಕರಣಕ್ಕೆ ಕಿವಿಗೊಟ್ಟು ಮಾತನಾಡುತ್ತಿದ್ದಾಳೆ. ತಂದೆ ನೋಡಿದನು, ಕೇಳಿದನು, ಸಂತೋಷಪಟ್ಟನು, ಕಾಣಲಿಲ್ಲ.

ಮರಣಾನಂತರ ತಾಯಿ ಮಗಳ ದಿನಚರಿಗಳನ್ನು ತೆರೆಯುವ ಸಂದರ್ಭವು ಈ ಕಾದಂಬರಿಯ ಶಿಖರವೆಂದು ನಮ್ಮ ಅಭಿಪ್ರಾಯ. ಪ್ರತಿ ಕ್ರಿಸ್ಮಸ್ಸಿಗೂ ತಾನೇ ಕೊಡುತ್ತ ಬಂದ ದಿನಚರಿಗಳು ಅವು. ಬೀಗವನ್ನು ಒಡೆದು ನೋಡಿದರೆ ಒಂದರಲ್ಲಿಯೂ ಒಂದಕ್ಷರವಿಲ್ಲ. ಪತ್ತೇದಾರಿ ಕಾದಂಬರಿಯಾಗಿದ್ದರೆ ದಿನಚರಿಯು ಸುಳಿವನ್ನು ಕೊಡಬೇಕಾಗಿತ್ತು. ಇಲ್ಲಿ ಬರಿಯ ಹಾಳೆಗಳೇ ಸಾಕ್ಷ್ಯ. ಗಡಿಗೆಯಿಲ್ಲದ ನೆಲವನ್ನು ತಾಯಿಯು ಮೊದಲ ಬಾರಿಗೆ ಬೆಳಕಿನಲ್ಲಿ ಕಂಡಳು. ಲೇಖಕಿ ಇಲ್ಲಿ ವ್ಯಾಖ್ಯಾನಕ್ಕೆ ತೊಡಗದೆ ಮುಂದೆ ಸಾಗಿರುವುದು ಔಚಿತ್ಯಪೂರ್ಣವಾಗಿದೆ.

5

ಈ ಸನ್ನಿವೇಶದಲ್ಲಿ ಕಾಳಿದಾಸನ ಶಾಕುಂತಲವು ನೆನಪಾಗದೆ ಇರದು. ಅಲ್ಲಿಯೂ ಕಣ್ಣೆದುರಿಗೆ ನಿಂತವಳನ್ನು ದುಷ್ಯಂತನು ಕಾಣಲಾರದೆ ಹೋಗುತ್ತಾನೆ; ಅವಳು ಮಾಯವಾದ ಮೇಲೆ ಉಂಗುರದ ಮೂಲಕ ಅರಿವು ಬರುತ್ತದೆ. ಕಾಣದಿರುವುದು ಮೊದಲು, ಕಾಣೆಯಾಗುವುದು ಅನಂತರ, ಅಭಿಜ್ಞಾನ ಕೊನೆಗೆ. ಈ ಕ್ರಮ ಎರಡರಲ್ಲಿಯೂ ಸಮಾನ. ಭೇದವೂ ಅಷ್ಟೇ ಮುಖ್ಯ. ದುಷ್ಯಂತನ ಮರೆವಿಗೆ ದುರ್ವಾಸರ ಶಾಪವೆಂಬ ಕಾರಣವಿದೆ. ಆ ಶಾಪವು ನಾಯಕನನ್ನು ದೋಷದಿಂದ ಪಾರುಮಾಡುತ್ತದೆ. ಮಿಡಲ್‌ವುಡ್ಡಿನಲ್ಲಿ ಶಪಿಸಲು ಋಷಿಯಿಲ್ಲ. ತಂದೆತಾಯಿಗಳ ಕಣ್ಣನ್ನು ಮುಚ್ಚಿದುದು ಅವರ ವಾತ್ಸಲ್ಯವೇ. ಅಲ್ಲಿ ದೊರೆತ ಉಂಗುರವು ಅವಳು ಯಾರೆಂಬುದನ್ನು ಹೇಳಿತು. ಇಲ್ಲಿ ದೊರೆತ ದಿನಚರಿಯು ಅವಳು ಯಾರೆಂಬುದು ಇನ್ನು ತಿಳಿಯಲಾರದೆಂದು ಹೇಳಿತು. ಮಾರೀಚಾಶ್ರಮದ ಪುನರ್ಮಿಲನಕ್ಕೂ ಇಲ್ಲಿ ಅವಕಾಶವಿಲ್ಲ.

ಶಾಪವಿಲ್ಲವೆಂದ ಮಾತ್ರಕ್ಕೆ ಹೊರಗಿನ ಕಾರಣವೇ ಇಲ್ಲವೆಂದು ತಿಳಿಯಬಾರದು. ತಂದೆತಾಯಿಗಳ ಈ ಕುರುಡು ಎಲ್ಲಿಂದ ಬಂದಿತು? ಇದನ್ನು ವಿಚಾರಿಸದೆ ಬಿಟ್ಟರೆ ಕಾದಂಬರಿಯು ಮಕ್ಕಳನ್ನು ಹೇಗೆ ಬೆಳೆಸಬೇಕೆಂಬ ಉಪದೇಶದ ಮಟ್ಟಕ್ಕೆ ಇಳಿದುಬಿಡುತ್ತದೆ.

ಜೇಮ್ಸನ ತಂದೆ ಅಮೆರಿಕಕ್ಕೆ ಬಂದುದು ಇನ್ನೊಬ್ಬರ ಮಗನೆಂಬ ಕಾಗದಪತ್ರದ ಬಲದಿಂದ. ಚೀನೀ ಕೂಲಿಗಾರರ ಪ್ರವೇಶವನ್ನು ತಡೆದ 1882ರ ಶಾಸನವು 1943ರವರೆಗೆ ರದ್ದಾಗಲಿಲ್ಲ; 1906ರ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪದ ಬೆಂಕಿಯಲ್ಲಿ ಜನನದ ದಾಖಲೆಗಳು ನಾಶವಾದುದರಿಂದ, ಅಲ್ಲಿಯೇ ಹುಟ್ಟಿದ ನಾಗರಿಕರ ಮಕ್ಕಳೆಂದು ಹೇಳಿಕೊಂಡು ಅನೇಕರು ಒಳಬಂದರು. ಇಂಥವರಿಗೆ 'ಕಾಗದದ ಮಕ್ಕಳು' ಎಂಬ ಹೆಸರು ಬಿದ್ದಿತು. ಎಂದರೆ ಲೀ ವಂಶವು ಅಮೆರಿಕದಲ್ಲಿ ಆರಂಭವಾದುದೇ ಒಬ್ಬ ಮನುಷ್ಯನು ತನ್ನ ನಿಜವಾದ ಹೆಸರನ್ನು ಕಾಣೆಯಾಗಿಸಿದಾಗ. ಗಮನಕ್ಕೆ ಬೀಳದೆ ಇರುವುದೇ ಕ್ಷೇಮವೆಂಬ ಪಾಠವನ್ನು ಜೇಮ್ಸನು ಮನೆಯಲ್ಲಿಯೇ ಕಲಿತಿದ್ದನು. ಅವನ ತಂದೆತಾಯಿಗಳು ಅಯೋವದ ಒಂದು ವಸತಿಶಾಲೆಯಲ್ಲಿ ದುಡಿಯುವವರು. ಅವನು ಅದೇ ಶಾಲೆಯ ವಿದ್ಯಾರ್ಥಿ.

ಮೆರಿಲಿನ್ ಮತ್ತು ಜೇಮ್ಸ್ ಮದುವೆಯಾದುದು 1958ರಲ್ಲಿ. ಆಗ ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಭಿನ್ನವರ್ಣದವರ ವಿವಾಹವು ಅಪರಾಧವಾಗಿತ್ತು. ಮೆರಿಲಿನ್ನಳ ತವರಾದ ವರ್ಜೀನಿಯವೂ ಅವುಗಳಲ್ಲಿ ಒಂದು. ಅದೇ 1958ರಲ್ಲಿ ಮದುವೆಯಾಗಿ ಅದೇ ವರ್ಜೀನಿಯದಲ್ಲಿ ಶಿಕ್ಷೆಗೊಳಗಾದ ಲವಿಂಗ್ ದಂಪತಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1967ರ ಜೂನ್ 12ರಂದು ಇಂಥ ಶಾಸನಗಳೆಲ್ಲ ಅಸಿಂಧುವೆಂದು ಸಾರಿತು. ಕಾದಂಬರಿಯ ದಂಪತಿಗಳು ಜೈಲಿಗೆ ಹೋದವರಲ್ಲ, ಕಲ್ಲೇಟು ತಿಂದವರೂ ಅಲ್ಲ. ಅವರಿಗೆ ಬಿದ್ದುದು ಬರಿಯ ನೋಟ. ಮೆರಿಲಿನ್ನಳ ತಾಯಿ ಮದುವೆಯ ದಿನ ಆಡಿದ ಮಾತುಗಳ ಮೇಲೆ ತಾಯಿಮಗಳಿಗೆ ಮತ್ತೆ ಭೇಟಿಯಾಗಲಿಲ್ಲ. ಆ ವಿಷಯವನ್ನು ಗಂಡಹೆಂಡಿರು ಆಮೇಲೆ ಎತ್ತಲೂ ಇಲ್ಲ. ಗಂಡನಿಗೆ ಎಲ್ಲರಂತೆ ಆಗುವ ಬಯಕೆ. ಹೆಂಡತಿಗೆ ಎಲ್ಲರಿಗಿಂತ ಬೇರೆಯಾಗುವ ಬಯಕೆ. ಇವೆರಡು ಪರಸ್ಪರ ವಿರುದ್ಧವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಹೇಳದೆ ಉಳಿದ ಎರಡು ಮಾತುಗಳೂ ಒಬ್ಬ ಮಗಳ ಮೇಲೆ ಬಿದ್ದವು. ಕೃತಿಯ ಹೆಸರಿನ ಅರ್ಥವು, 'ನಾನು ನಿನಗೆ ಎಂದೂ ಹೇಳದಿದ್ದುದೆಲ್ಲ' ಎಂಬುದು, ಇಲ್ಲಿ ಸಂಪೂರ್ಣವಾಗಿ ವ್ಯಕ್ತವಾಗುತ್ತದೆ.

ಊರಿನ ಪಾತ್ರವನ್ನು ಲೇಖಕಿಯು ಸಣ್ಣ ಸಣ್ಣ ಘಟನೆಗಳಲ್ಲಿ ತೋರಿಸಿದ್ದಾರೆ. ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳೋಣ. ಈಜುಕೊಳದಲ್ಲಿ ಮಕ್ಕಳು ಕಣ್ಣುಮುಚ್ಚಾಲೆಯಂಥ ಒಂದು ಆಟವಾಡುತ್ತಿದ್ದಾರೆ. ಬಾಲಕ ನೇಥ್ ಕಣ್ಣು ಮುಚ್ಚಿ ನೀರಿನಲ್ಲಿ ಕೈಚಾಚಿ ಕೂಗುತ್ತಿರುವಾಗ ಉಳಿದವರು ಸದ್ದಿಲ್ಲದೆ ಕೊಳದಿಂದ ಮೇಲೇರಿಬಿಡುತ್ತಾರೆ. ಬರಿದಾದ ನೀರಿನಲ್ಲಿ ಅವನೊಬ್ಬನೇ ಕೂಗುತ್ತಾನೆ. ತಂದೆ ಅದನ್ನು ನೋಡುತ್ತ ಸುಮ್ಮನೆ ನಿಂತಿದ್ದಾನೆ. ತನ್ನ ಬಾಲ್ಯವನ್ನೇ ಕಂಡಂತಾದುದರಿಂದ ಅವನಿಗೆ ಮಗನ ಮೇಲೆ ಕನಿಕರಕ್ಕಿಂತ ಅಸಹನೆ ಹೆಚ್ಚುತ್ತದೆ. ಇಡೀ ಊರು ಒಬ್ಬನಿಂದ ಕಾಣೆಯಾಗುವ ಈ ದೃಶ್ಯವು, ಒಬ್ಬಳು ಇಡೀ ಊರಿನಿಂದ ಕಾಣೆಯಾಗುವ ಪ್ರಧಾನ ಕಥೆಗೆ ಪ್ರತಿಬಿಂಬವಾಗಿದೆ. ಇಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ. ಮಿಡಲ್‌ವುಡ್ಡಿನ ಕ್ರೌರ್ಯದ ರೀತಿಯೇ ಅದು: ದೂರು ಕೊಡಲು ಏನೂ ಉಳಿಯುವುದಿಲ್ಲ.

6

ಈಗ ಕೃತಿಯ ನಿರೂಪಣಕ್ರಮದ ವಿಷಯವಾಗಿ ಏಳಬಹುದಾದ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಯಾರೂ ಯಾರನ್ನೂ ಅರಿಯಲಾರರೆಂಬುದು ಈ ಕಾದಂಬರಿಯ ಪ್ರತಿಪಾದನೆಯಾದರೆ, ಎಲ್ಲರ ಅಂತರಂಗವನ್ನೂ ಅಂಗೈನೆಲ್ಲಿಯಂತೆ ಕಾಣುವ ಸರ್ವಜ್ಞ ನಿರೂಪಕನನ್ನು ಇಲ್ಲಿ ನಿಯೋಜಿಸುವುದು ಸರಿಯೆ? ಹಾಗೆ ಮಾಡಿದರೆ ವಸ್ತುವಿನ ಕಷ್ಟವನ್ನು ತಂತ್ರದ ಸೌಲಭ್ಯದಿಂದ ತಪ್ಪಿಸಿಕೊಂಡಂತಾಗಲಿಲ್ಲವೆ?

ಆಕ್ಷೇಪವು ಸಾರವತ್ತಾದುದು. ಆದರೆ ಕೃತಿಯ ಅಂತ್ಯದತ್ತ ನೋಡಿದರೆ ಉತ್ತರ ದೊರೆಯುತ್ತದೆ. ಮಗಳು ಆತ್ಮಹತ್ಯೆ ಮಾಡಿಕೊಂಡಳೆಂದು ಪೋಲೀಸರು ನಿರ್ಣಯಿಸುತ್ತಾರೆ. ಯಾರೋ ಕೇಡು ಮಾಡಿದರೆಂದು ತಾಯಿ ಹಟ ಹಿಡಿಯುತ್ತಾಳೆ. ನೆರೆಮನೆಯ ಜ್ಯಾಕ್ ವುಲ್ಫ್ ಎಂಬ ಹುಡುಗನೇ ಕಾರಣನೆಂದು ನೇಥ್ ನಂಬುತ್ತಾನೆ. ಆ ರಾತ್ರಿ ನಡೆದುದು ಇವು ಯಾವುವೂ ಅಲ್ಲ. ಲಿಡಿಯಾ ಸರೋವರದ ನಡುವೆ ದೋಣಿಯಲ್ಲಿ ಕುಳಿತು, ಇನ್ನು ಮುಂದೆ ತಾಯಿಗೂ ತಂದೆಗೂ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಡಬೇಕೆಂದು ನಿಶ್ಚಯಿಸುತ್ತಾಳೆ. ಹೊಸದಾಗಿ ಬಾಳುವ ಸಂಕಲ್ಪದಿಂದಲೇ, ಈಜು ಬಾರದಿದ್ದರೂ ದಡವನ್ನು ಸೇರಬಲ್ಲೆನೆಂದು ನಂಬಿ, ನೀರಿಗೆ ಇಳಿಯುತ್ತಾಳೆ. ಈ ಸತ್ಯವು ನಿರೂಪಕನಿಗೂ ವಾಚಕನಿಗೂ ತಿಳಿಯುತ್ತದೆ. ಮನೆಯವರಲ್ಲಿ ಒಬ್ಬರಿಗೂ ಎಂದೆಂದಿಗೂ ತಿಳಿಯುವುದಿಲ್ಲ.

ಪತ್ತೇದಾರಿ ಕಾದಂಬರಿಯ ಕೊನೆಯಲ್ಲಿ ಎಲ್ಲರನ್ನೂ ಒಂದು ಕೊಠಡಿಯಲ್ಲಿ ಕೂಡಿಸಿ ಸತ್ಯವನ್ನು ಸಾರುವ ಒಬ್ಬನಿರುತ್ತಾನೆ. ಇಲ್ಲಿ ಸತ್ಯವಿದೆ, ಕೇಳಬೇಕಾದವರೂ ಇದ್ದಾರೆ, ಹೇಳುವವನು ಮಾತ್ರ ಇಲ್ಲ. ನಾವು ಪಡೆದ ಜ್ಞಾನವನ್ನು ಅವರಿಗೆ ಮುಟ್ಟಿಸಲಾರೆವು. ಆದುದರಿಂದ ಸರ್ವಜ್ಞತ್ವವು ಇಲ್ಲಿ ಸಮಾಧಾನವನ್ನು ಕೊಡುವುದಿಲ್ಲ. ವಾಚಕನನ್ನೂ, ಹೇಳದೆ ಉಳಿದವರ ಸಾಲಿಗೆ ಸೇರಿಸಿಬಿಡುತ್ತದೆ. ಕರುಣರಸವು ಇಲ್ಲಿ ಮರಣದಿಂದ ಹುಟ್ಟಿದುದಕ್ಕಿಂತ ಹೆಚ್ಚಾಗಿ ಈ ಅಸಹಾಯಕತೆಯಿಂದ ಹುಟ್ಟುತ್ತದೆ.

ಮನೆಯೊಳಗೆ ಕಾಣಬಲ್ಲವಳು ಒಬ್ಬಳಿದ್ದಾಳೆ. ಕಿರಿಯಳಾದ ಹ್ಯಾನಾ ಮೇಜಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಎಲ್ಲರ ಲಕ್ಷ್ಯಕ್ಕೂ ಹೊರಗಾಗಿ ಬೆಳೆದವಳು. ಅಕ್ಕನು ಆ ರಾತ್ರಿ ಮನೆಯಿಂದ ಹೊರಟುದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಜ್ಯಾಕನ ಪ್ರೀತಿಯು ಲಿಡಿಯಾಳ ಮೇಲಲ್ಲ, ನೇಥನ ಮೇಲೆ ಎಂಬುದನ್ನೂ ಅವಳು ಒಂದು ಕ್ಷಣದ ನೋಟದಿಂದ ಅರಿತಳು. ಇತರರಲ್ಲಿ ತನಗೆ ಬೇಕಾದುದನ್ನು ಅರಸುವ ಹಕ್ಕು ಅವಳಿಗೆ ಯಾರೂ ಕೊಡದಿದ್ದುದರಿಂದಲೇ ಇದ್ದುದನ್ನು ಇದ್ದಂತೆ ಕಾಣುವ ಶಕ್ತಿ ಅವಳಿಗೆ ಬಂದಿತು. ಆದರೆ ಅವಳನ್ನು ಯಾರೂ ಕೇಳಲಿಲ್ಲ. ಈ ಪಾತ್ರದ ಸೃಷ್ಟಿಯಲ್ಲಿ ಲೇಖಕಿಯ ಪ್ರತಿಭೆ ಎದ್ದು ಕಾಣುತ್ತದೆ. ಮುಂದೆ ಕಾಣೆಯಾಗಬಹುದಾದವಳು ಇವಳೇ ಎಂಬ ಭಯವನ್ನು ಕಥೆಯು ನಮ್ಮಲ್ಲಿ ಮೂಡಿಸುತ್ತದೆ. ತಂದೆತಾಯಿಗಳ ದೃಷ್ಟಿ ಕೊನೆಗೆ ಅವಳ ಮೇಲೆ ಬೀಳುವುದರಲ್ಲಿಯೇ ಈ ಕೃತಿಯ ಅಲ್ಪವಾದ, ಆದರೆ ನಂಬಬಹುದಾದ, ಆಶಾಕಿರಣವಿದೆ.

7

ಎರಡನೆಯ ಕಾದಂಬರಿಯು ನಿಜವಾದ ಉಪನಗರವೊಂದರಲ್ಲಿಯೇ ನಡೆಯುತ್ತದೆ. ಓಹಿಯೋದ ಕ್ಲೀವ್‌ಲೆಂಡಿನ ಅಂಚಿನಲ್ಲಿರುವ ಶೇಕರ್ ಹೈಟ್ಸ್ ಲೇಖಕಿಯು ಬೆಳೆದ ಊರು. ಒಂದು ಕಾಲದಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದವರು ನೆಲಸಿದ್ದ ಈ ಭೂಮಿಯನ್ನು ವಾನ್ ಸ್ವೆರಿಂಜನ್ ಸಹೋದರರು 20ನೆಯ ಶತಮಾನದ ಆದಿಭಾಗದಲ್ಲಿ ಯೋಜಿತ ಉಪನಗರವನ್ನಾಗಿ ರೂಪಿಸಿದರು. ಮನೆಯ ಕಸವನ್ನು ಬೀದಿಯ ಮಗ್ಗುಲಿಗೆ ಇಡುವಂತಿರಲಿಲ್ಲ. ಚಿಕ್ಕ ಗಾಡಿಗಳು ಹಿತ್ತಲಿಗೇ ಬಂದು ಒಯ್ಯುತ್ತಿದ್ದವು. ಬಾಡಿಗೆದಾರರು ಇರುವ ಎರಡು ಸಂಸಾರದ ಮನೆಗಳು ಹೊರಗಿನಿಂದ ಒಂದೇ ಸಂಸಾರದ ಮನೆಯಂತೆ ಕಾಣಬೇಕೆಂದು ಒಂದೇ ಮುಂಬಾಗಿಲನ್ನು ಇಟ್ಟು ಕಟ್ಟಿದವು. ಕಸವನ್ನೂ ಬಡತನವನ್ನೂ ಕಣ್ಣಿಗೆ ಬೀಳದಂತೆ ಮಾಡುವ ಈ ಏರ್ಪಾಡು ಕಾದಂಬರಿಕಾರ್ತಿಗೆ ವಾಸ್ತವವೇ ಒದಗಿಸಿಕೊಟ್ಟ ರೂಪಕ. ಊರಿನ ವಿಷಯದಲ್ಲಿ ಅನ್ಯಾಯವಾಗಬಾರದೆಂದು ಇನ್ನೊಂದು ಸಂಗತಿಯನ್ನೂ ಹೇಳಬೇಕು. 1956ರಲ್ಲಿ ಇಲ್ಲಿನ ಲಡ್ಲೋ ಭಾಗದಲ್ಲಿ ಕರಿಯ ವಕೀಲನೊಬ್ಬನ ಮನೆಗೆ ಬಾಂಬು ಬಿದ್ದಾಗ, ನೆರೆಯವರು ಬಿಟ್ಟೋಡದೆ 1957ರಲ್ಲಿ ಸಂಘವೊಂದನ್ನು ಕಟ್ಟಿ ವರ್ಣಸಾಮರಸ್ಯಕ್ಕೆ ಶ್ರಮಿಸಿದರು. ಇಂಥ ಊರು ಒಳ್ಳೆಯದಾಗಿರಲು ಪ್ರಾಮಾಣಿಕವಾಗಿ ಪ್ರಯತ್ನಿಸಿದುದು ಎಂಬುದರಿಂದಲೇ ಇಂಗ್ ಅವರ ವಿಮರ್ಶೆಗೆ ಮೊನೆ ಬಂದಿದೆ.

ಕಥೆಯು 1990ರ ದಶಕದ ಉತ್ತರಾರ್ಧದ್ದು. ರಿಚರ್ಡ್‌ಸನ್ ಕುಟುಂಬದ ಕಿರಿಯ ಮಗಳು ಇಜ್ಜಿ ಮನೆಗೆ ಕಿಚ್ಚಿಟ್ಟು ಮಾಯವಾಗುತ್ತಾಳೆ. ಅದಕ್ಕೆ ಸ್ವಲ್ಪ ಮುಂಚೆ ಬಾಡಿಗೆಗಿದ್ದ ಛಾಯಾಚಿತ್ರಕಲಾವಿದೆ ಮಿಯಾ ವಾರನ್ ಮಗಳೊಡನೆ ಊರು ಬಿಟ್ಟಿದ್ದಾಳೆ. ಬೆಬೆ ಚೌ ಎಂಬ ಚೀನೀ ತಾಯಿ, ನ್ಯಾಯಾಲಯವು ದತ್ತುತಂದೆತಾಯಿಗಳಿಗೆ ಒಪ್ಪಿಸಿದ ತನ್ನ ಕೂಸನ್ನು ರಾತ್ರಿ ಎತ್ತಿಕೊಂಡು ಸ್ವದೇಶಕ್ಕೆ ಹೋಗಿಬಿಡುತ್ತಾಳೆ. ಹೀಗೆ ಇಲ್ಲಿ ಕಾಣೆಯಾಗುವುದು ಬಲಿಪಶುವಿನ ಸ್ಥಿತಿಯಲ್ಲ, ಆಯ್ಕೆ. ಇದು ವಸ್ತುವಿನ ಒಳ್ಳೆಯ ವಿಸ್ತರಣೆ. ಮಗುವಿಗೆ ಮೇ ಲಿಂಗ್, ಮಿರಾಬೆಲ್ ಎಂದು ಎರಡು ಹೆಸರುಗಳಿರುವುದೂ, ಯಾವ ಹೆಸರಿನಿಂದ ಕರೆದರೂ ಯಾರನ್ನೋ ಕಾಣೆಯಾಗಿಸಿದಂತಾಗುವುದೂ ಆಳವಾದ ಕಲ್ಪನೆ.

ಆದರೂ ಈ ಕೃತಿಯು ಮೊದಲನೆಯದರ ಎತ್ತರವನ್ನು ಮುಟ್ಟಿಲ್ಲ. ಕಾರಣವು ನಿರೂಪಣೆಯಲ್ಲಿದೆ. ಎಲೀನಾ ರಿಚರ್ಡ್‌ಸನ್ನಳ ನಿಯಮನಿಷ್ಠೆಯನ್ನು ಊರಿನ ನಿಯಮನಿಷ್ಠೆಯೊಡನೆ, ಇಜ್ಜಿಯ ಕಿಡಿಯನ್ನು ನಿಜವಾದ ಬೆಂಕಿಯೊಡನೆ ಲೇಖಕಿಯೇ ಪದೇ ಪದೇ ಹೊಂದಿಸಿ ತೋರಿಸುತ್ತಾರೆ. ಧ್ವನಿಯಾಗಿ ಉಳಿಯಬೇಕಾದುದು ವಾಚ್ಯವಾಗಿಬಿಡುತ್ತದೆ. ಮಿಯಾ ಬಹುಮಟ್ಟಿಗೆ ಸರಿ, ಎಲೀನಾ ಬಹುಮಟ್ಟಿಗೆ ತಪ್ಪು ಎಂಬ ತೀರ್ಮಾನವು ಕಥೆಯ ನಡುವೆಯೇ ನಮ್ಮ ಕೈಗೆ ಬರುವುದರಿಂದ ವಾಚಕನು ಮತ್ತೆ ನೆಮ್ಮದಿಯ ಸ್ಥಾನಕ್ಕೆ ಹಿಂದಿರುಗುತ್ತಾನೆ. ಮೊದಲ ಕಾದಂಬರಿಯು ನಮಗೆ ನಿರಾಕರಿಸಿದ್ದ ಹೊಣೆಗಾರನು ಇಲ್ಲಿ ಸಿಕ್ಕಿಬಿಡುತ್ತಾನೆ. ಮಗಳನ್ನು ಎಷ್ಟು ವರ್ಷವಾದರೂ ಹುಡುಕುವೆನೆಂದು ಎಲೀನಾ ನಿಶ್ಚಯಿಸುವ ಕೊನೆಯ ಪುಟಗಳಲ್ಲಿ ಮಾತ್ರ ಲೇಖಕಿಯ ಹಿಂದಿನ ಕನಿಕರ ಮರಳಿ ಬರುತ್ತದೆ.

8

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳು ಇವು. ಪರಿಪೂರ್ಣವೆಂದು ತೋರುವ ನೆರೆಹೊರೆಯಲ್ಲಿ ಒಬ್ಬರು ಕಾಣೆಯಾಗುವ ಕಥೆಗಳು ಸಾಮಾನ್ಯವಾಗಿ ಒಳಗೆ ಅಡಗಿದ್ದ ಒಬ್ಬ ದುಷ್ಟನನ್ನು ಹೊರಗೆಡಹುತ್ತವೆ. ದುಷ್ಟನು ಹೊರಬಿದ್ದೊಡನೆ ನೆರೆಹೊರೆಯು ಶುದ್ಧವಾಗುತ್ತದೆ. ಇಂಗ್ ಅವರ ಮೊದಲ ಕಾದಂಬರಿಯಲ್ಲಿ ದುಷ್ಟನಿಲ್ಲ. ಕಾನೂನು, ಪೂರ್ವಗ್ರಹ, ವಲಸೆಯ ಭಯ, ಹೆಣ್ಣಿನ ಅಪೂರ್ಣ ವಿದ್ಯೆ ಇವುಗಳೆಲ್ಲ ಮನೆಯೊಳಕ್ಕೆ ಬಂದು ವಾತ್ಸಲ್ಯದ ವೇಷವನ್ನು ಧರಿಸಿದುದೇ ಅಲ್ಲಿನ ಕೇಡು. ಕಾನೂನು 1967ರಲ್ಲಿ ಬದಲಾಯಿತು. ಹತ್ತು ವರ್ಷಗಳ ಮೇಲೆಯೂ ಮೇಜಿನ ಸುತ್ತಣ ಮೌನ ಬದಲಾಗಿರಲಿಲ್ಲ. ಈ ವ್ಯತ್ಯಾಸವನ್ನು ಚರಿತ್ರಕಾರನು ಅಂಕಿಅಂಶಗಳಿಂದ ತೋರಿಸಲಾರನು, ಕಾದಂಬರಿಕಾರನು ತೋರಿಸಬಲ್ಲನು.

ಎರಡನೆಯ ಸಲ ಈ ಕೃತಿಯನ್ನು ಓದಲು ಕುಳಿತಾಗ ಮೊದಲ ಪುಟದ ಆ ಪೆನ್ಸಿಲ್ ನಮಗೆ ಬೇರೆಯಾಗಿ ಕಾಣುತ್ತದೆ. ಅದನ್ನು ಚೂಪುಮಾಡಿ ಇಟ್ಟ ಕೈಯನ್ನು ದೂಷಿಸಲು ನಮಗೆ ಮನಸ್ಸಾಗುವುದಿಲ್ಲ. ಆದರೆ ಮೇಜಿನ ಆ ಬದಿಯಲ್ಲಿ ತಿಂಡಿಯ ಬಟ್ಟಲಿನ ಮೇಲೆ ಬಗ್ಗಿ ಕುಳಿತ ಕಿರಿಯ ಹುಡುಗಿಯ ಕಡೆಗೆ, ಮೊದಲ ಓದಿನಲ್ಲಿ ನಾವು ಗಮನಿಸದೆ ದಾಟಿಹೋದ ಆ ಹ್ಯಾನಾಳ ಕಡೆಗೆ, ಈಗ ನಮ್ಮ ಕಣ್ಣು ಹೋಗುತ್ತದೆ.